ಹಲ್ಡೋರಾ ಕೊಟ್ಟ ಪುಸ್ತಕವನ್ನು ಬದಲಿಸಬೇಡ

ಅಪ್ಪಾ,

ನಾನು ರೇಕ್ಯಾವಿಕ್ ಬಸ್ಸಿಗೆ ಹೊರಟೆ. ಮೀನಿನ ಸೂಪ್ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಕುಡಿ.

ಎದುರುಮನೆ ಹಲ್ಡೋರಾ ಕ್ರಿಸ್‌ಮಸ್‌ಗೆ ಕೊಟ್ಟ ಪ್ರೇಮ ಕಾದಂಬರಿಯನ್ನು ಅಂಗಡಿಯಲ್ಲಿ ಬದಲಿಸಲೆಂದು ಬಾಗಿಲ ಬಳಿ ಇಟ್ಟಿದ್ದೆಯಲ್ಲ, ಅದೀಗ ನಿನ್ನ ದಿಂಬಿನ ಪಕ್ಕದಲ್ಲಿದೆ. "ರೆಕ್ಕೆ ಇರೋ ಗಂಡಸು ಯಾವನೇ? ನಂಗೆ ಹಡಗಿನ ಪುಸ್ತಕ ಸಾಕು" ಎಂದು ಗೊಣಗಬೇಡ. ನಾನು ಓದಿದೆ. ಆ ರೆಕ್ಕೆಯ ರಾಜಕುಮಾರ ಹಾರಿದ್ದಕ್ಕಿಂತ ನಾನು ಹಾರಿಸಿದ ಪುಟಗಳೇ ಹೆಚ್ಚು. ಈಚಿನ ಇಂಥ ಕಥೆಗಳಲ್ಲೆಲ್ಲ ಇದೇ ಗೋಳು: ನಾಯಕ ತನ್ನ ಹುಡುಗಿಗಾಗಿ ರಾಜ್ಯವನ್ನೇ ಸುಡುತ್ತಾನೆ, "ಊಟ ಆಯ್ತಾ?" ಅಂತ ಒಂದು ಸಲವೂ ಕೇಳುವುದಿಲ್ಲ. ಆದರೆ ಇದರಲ್ಲಿ ಅರಮನೆಯ ಮುದಿ ಕಮ್ಮಾರನೂ ಅಡುಗೆಯವಳೂ ಒಲೆಯ ಮುಂದೆ ಕೂತು ಜಗಳವಾಡುತ್ತಾರೆ ನೋಡು, ಅಪ್ಪಟ ಚಿನ್ನ. ಅದನ್ನಾದರೂ ಓದು.

ಬೇಡವಾದರೆ ಬದಲಿಸಿಕೊಳ್ಳಿ ಎಂದು ಅಂಗಡಿಯವರು ಅಂಟಿಸುವ ಚೀಟಿ ಆ ಪುಸ್ತಕದ ಮೇಲಿಲ್ಲ, ಗಮನಿಸಿದೆಯಾ? ನಮ್ಮಲ್ಲಿ ಸ್ವಂತ ಮಕ್ಕಳಿಗೆ ಕೊಡುವಾಗಲೂ ಅದನ್ನು ಯಾರೂ ಕೀಳುವುದಿಲ್ಲ. ಹಲ್ಡೋರಾ ಕಿತ್ತಿದ್ದಾಳೆ. ಅಂಟಿನ ಗುರುತು ಇನ್ನೂ ಇದೆ. ನೀನು ಪುಸ್ತಕ ಬದಲಿಸಿದರೆ ಅವಳು ಮತ್ತೆ ಕೊಡುವವಳಲ್ಲ. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ಅಪ್ಪಾ. ನೀನು ರೇಡಿಯೋ ಜೊತೆ ಮಾತಾಡುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಸಂಜೆ ಈಜುಕೊಳದ ಬಿಸಿನೀರಿನ ತೊಟ್ಟಿಗೆ ಹೋಗು. ಹಲ್ಡೋರಾ ಅಲ್ಲೇ ಇರುತ್ತಾಳೆ. "ಪುಸ್ತಕ ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂದು ಒಂದೇ ಮಾತಿಗೆ ಮುಗಿಸಬೇಡ. "ಇನ್ನೂ ಓದ್ತಾ ಇದ್ದೀನಿ" ಅನ್ನು. ನಾಳೆಯೂ ಕೇಳಲಿ.

ಸ್ವಾಲಾ