ಹಣೆಯ ಮೇಲಿನ ಮಣ್ಣು

ಭಾನುವಾರ, ೯ ಫೆಬ್ರವರಿ

ಮಂಡಿ ಇನ್ನೂ ನೋಯುತ್ತಿದೆ. ಹಿರೇಗುಂಟನೂರಿನ ಹೆಣ್ಣುಮಕ್ಕಳಿಗೆ ಕಬಡ್ಡಿ ಹೇಳಿಕೊಡಲು ಹೋದವನು ನಾನೇ ರೈಡಿಗೆ ಇಳಿದೆ. ನಲವತ್ತಾದರೂ ಬುದ್ಧಿ ಬಂದಿಲ್ಲ.

ವರ್ಷಗಳ ಹಿಂದೆ ಕಬಡ್ಡಿ ಲೀಗಿನ ಹರಾಜಿನಲ್ಲಿ ನನ್ನ ಹೆಸರನ್ನು ಒಂದು ತಂಡವೂ ಕೂಗಲಿಲ್ಲ. ಆಮೇಲೆ ಯಾರದೋ ಕಾಲು ಮುರಿದು ನನಗೆ ಫೋನ್ ಬಂತು. ಬದಲಿ ಆಟಗಾರನಾಗಿ ಹೋದವನು ನಾಲ್ಕು ಸೀಸನ್ ಆಡಿದೆ. ಮೊದಲ ಪಂದ್ಯದ ದಿನ, ಊರಿನ ಅಭ್ಯಾಸದಂತೆ ಅಂಕಣ ಮುಟ್ಟಿ ಹಣೆಗೆ ಒತ್ತಿಕೊಂಡೆ. ಅದು ಮ್ಯಾಟು, ಬೆರಳಿಗೆ ಏನೂ ಹತ್ತಲಿಲ್ಲ. ನಾಲ್ಕು ವರ್ಷವೂ ಹತ್ತಲಿಲ್ಲ. ಇವತ್ತು ಮತ್ತೆ ನಮ್ಮ ಮಣ್ಣು ಮುಟ್ಟಿ ಇಳಿದೆ.

ಸಂಜೆ ಬಾಗಿಲಲ್ಲೇ ನನ್ನ ಹೆಂಡತಿ ಯಶೋದಾ ನಕ್ಕಳು.

"ಏನ್ರಿ, ಹಣೆ ತುಂಬಾ ಮಣ್ಣೈತೆ! ಮುಖ ತೊಳ್ಕಳ್ರಿ, ಊಟಕ್ಕೆ ಇಡ್ತೀನಿ."

ಕೈಕಾಲು ತೊಳೆದು ಉಂಡೆ. ಮುಖ ಮಾತ್ರ ಇನ್ನೂ ತೊಳೆದಿಲ್ಲ.