ಹಾಗೂ ಇತರ ಸಮಸ್ತವೂ

ಮನೆ, ಅಡುಗೆಕೋಣೆಯ ಮೇಜು
ಹದಿನಾರನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಎಡಗಿವಿಯ ನೋವು ಕಡಿಮೆಯಾಯಿತಾ? ಡಾಕ್ಟರು ಕೊಟ್ಟ ಹನಿಯನ್ನು ಎರಡು ದಿನ ಹಾಕಿ ಮೂರನೇ ದಿನ ಮರೆಯುವವಳು ನೀನು, ಅದಕ್ಕೇ ಕೇಳಿದೆ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಿಲ್ಲ ತಾನೇ? ಟೈಪ್ ಮಾಡಿದರೆ ಇನ್ನೊಂದು ನೋಟೀಸು ಬಂತೆಂದು ಹೆದರುತ್ತೀಯೇನೋ ಅಂತ ಕೈಯಲ್ಲೇ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನನ್ನ ನಂಬರಿನಿಂದ ನಿನಗೆ ಕರೆ ಹೋಗುತ್ತಲೇ ಇಲ್ಲ. ಇ-ಮೇಲಿಗೆ ಉತ್ತರವಿಲ್ಲ. ಅಂಚೆಯವರನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದೊಂದು ಧೈರ್ಯ.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಬೆಳಿಗ್ಗೆ ಎರಡು ಲೋಟ ಚಹಾ ಮಾಡಿ, ಎರಡನ್ನೂ ನಾನೇ ಕುಡಿದು, ಹತ್ತು ಗಂಟೆಗೆ ಕೋರ್ಟಿನ ಹಜಾರಕ್ಕೆ ಹೋಗಿ ನನ್ನ ಮೇಜಿನ ಮುಂದೆ ಕೂರುತ್ತೇನೆ. ಈಗ ಅರ್ಜಿ ಟೈಪ್ ಮಾಡಿಸುವವರು ಕಡಿಮೆ, ಮೊಬೈಲಿನಲ್ಲಿ ಫಾರಂ ತುಂಬಿಸಿಕೊಳ್ಳುವವರೇ ಜಾಸ್ತಿ. ಪಕ್ಕದ ಮೇಜಿನ ಸ್ಟಾಂಪ್ ಮಾಮ ಈಗಲೂ ಕಾಗದಕ್ಕೆ ಮುದ್ರೆ ಒತ್ತುವಾಗ ಮೇಜೇ ಮುರಿಯುವ ಹಾಗೆ ಗುದ್ದುತ್ತಾನೆ. ದಿನಾ ನಿನ್ನನ್ನು ಕೇಳುತ್ತಾನೆ. ಚೆನ್ನಾಗಿದ್ದಾಳೆ ಅನ್ನುತ್ತೇನೆ. ನನಗೇನು ಗೊತ್ತು?

ಪುಟ್ಟೀ, ಇಂದಿಗೆ ನಲವತ್ತಾರು ದಿನ. ಆ ದಿನ ನೀನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಮ್ಮನ ಬಾಯಿಗೆ ಎರಡನೇ ಸಲ ಬೀಗ ಹಾಕಿದೆಯಲ್ಲಪ್ಪಾ." ನನ್ನ ಕಡೆಯದನ್ನು ಹೇಳುವ ಮೊದಲೇ ಇಟ್ಟುಬಿಟ್ಟೆ. ಕಕ್ಷಿದಾರನಿಗೆ ಹೇಳಿಕೆ ಕೊಡಲು ಒಂದು ಅವಕಾಶ ಇರುತ್ತದಮ್ಮಾ, ಎಂಥ ಕಳ್ಳನಿಗೂ. ಹಾಗಾಗಿ ಕೇಳು.

ಇಂಟರ್ನೆಟ್ಟಿನ ನಿನ್ನ ಪುಟದ ಮೇಲೆ ನನಗೆ ಯಾವತ್ತೂ ಮುನಿಸಿರಲಿಲ್ಲ. ನಿಮ್ಮಮ್ಮ ತೀರಿಹೋದ ಮೇಲೆ ನೀನು ವಾರಕ್ಕೊಂದು ಸಲ ಅವಳ ಬಗ್ಗೆ ಬರೆಯುತ್ತಿದ್ದೆಯಲ್ಲ, ಅದರಲ್ಲಿ ಒಂದನ್ನೂ ಬಿಟ್ಟಿಲ್ಲ ನಾನು. ನಿನಗೆ ಹೇಳಿರಲಿಲ್ಲ, ಅಷ್ಟೇ. ದೊಡ್ಡಾಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಅವಳು ಇಪ್ಪತ್ತೇಳು ವರ್ಷ ಕೂತದ್ದು, ಯಾರಿಗೆ ಏನು ಕಾಯಿಲೆ, ಯಾರು ಹೋದರು ಎಂದು ಊರಿಗಿಂತ ಮೊದಲು ಅವಳ ಕಿವಿಗೆ ಬಿದ್ದದ್ದು, ಅದರಲ್ಲಿ ಒಂದು ಪದವನ್ನೂ ಅವಳು ಮನೆಗೆ ತಾರದೇ ಇದ್ದದ್ದು, ಎಲ್ಲವನ್ನೂ ಎಷ್ಟು ಚೆನ್ನಾಗಿ ಬರೆದಿದ್ದೆ! ಅವಳ ದನಿಯನ್ನು ನೆನಪಿಟ್ಟುಕೊಂಡಿದ್ದ ಅಪರಿಚಿತರು ಕೆಳಗೆ ಸಾಲುಸಾಲಾಗಿ ಬರೆದಿದ್ದರು. ಆಮೇಲೆ ಆ ನಲವತ್ತು ಸೆಕೆಂಡಿನ ರೆಕಾರ್ಡಿಂಗು. "ಇದು ಆನ್ ಆಗಿದೆಯೇನೇ?" ಅಂತ ನಿನ್ನನ್ನು ಕೇಳಿ, ಆಮೇಲೆ ಗೋಡೆಯಾಚೆ ಇದ್ದ ನನಗೆ, "ರೀ, ಒಂದ್ನಿಮಿಷ ಟೈಪ್ ಮಾಡೋದು ನಿಲ್ಸಿ" ಅನ್ನುತ್ತಾಳಲ್ಲ. ನಾನು ನಿಲ್ಲಿಸುವುದಿಲ್ಲ. ಅವಳು ಮಾತಾಡಿ ಮುಗಿಸುವವರೆಗೂ ಹಿಂದೆ ಕಟಕಟ ಕೇಳುತ್ತಲೇ ಇರುತ್ತದೆ. ದಿನಾ ಬೆಳಿಗ್ಗೆ ಮೊದಲನೇ ಲೋಟ ಚಹಾದ ಜೊತೆ ನಾನು ಅದನ್ನು ಕೇಳುತ್ತಿದ್ದೆ. ನಿನ್ನ ಫೋನು ಕಳೆದುಹೋದ ಮೇಲೆ ಅದು ಉಳಿದಿದ್ದದ್ದು ಆ ಪುಟದಲ್ಲಿ ಮಾತ್ರ ಎಂಬುದೂ ನನಗೆ ಗೊತ್ತಿತ್ತು.

ಹಾಗಿದ್ದೂ ಯಾಕೆ ಮಾಡಿದೆ ಅಂತ ತಾನೇ ನಿನ್ನ ಪ್ರಶ್ನೆ? ಆವತ್ತು ಹಜಾರದಲ್ಲಿ ಚಹಾದ ಹೊತ್ತು. ಸ್ಟಾಂಪ್ ಮಾಮ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, "ನಿನ್ನ ಮಗಳು ನಿನ್ನ ಕಾಗದ ಹಾಕಿದಾಳಯ್ಯಾ" ಅಂದವನೇ ಗಟ್ಟಿಯಾಗಿ ಓದಲು ಶುರು ಮಾಡಿದ. ನಿನಗೆ ನಾಲ್ಕು ವರ್ಷವಿದ್ದಾಗ ನಿಮ್ಮಮ್ಮ ನಿನ್ನನ್ನು ಎತ್ತಿಕೊಂಡು ಅವಳ ಅಕ್ಕನ ಮನೆಗೆ ಹೋಗಿ ಎರಡು ತಿಂಗಳು ಬಾರದೇ ಇದ್ದಾಗ ನಾನು ಬರೆದ ಕಾಗದ. ಅವಳ ನೋಟ್‌ಬುಕ್ಕನ್ನು ಕೇಳದೆ ತೆಗೆದು ಓದಿದ್ದು, ಅದರಲ್ಲಿದ್ದ ಕಥೆಯ ಗಂಡ ನಾನೇ ಎಂದು ಗೊತ್ತಾಗಿ ಮೈಯೆಲ್ಲ ಉರಿದು ಅದನ್ನು ಒಲೆಗೆ ಹಾಕಿದ್ದು, ಎಲ್ಲ ಇತ್ತು. ಕಾಲು ಹಿಡಿಯುತ್ತೇನೆ, ಬಾ, ನೀನು ಏನು ಬೇಕಾದರೂ ಬರಿ, ನಾನೇ ಟೈಪ್ ಮಾಡಿಕೊಡುತ್ತೇನೆ ಅಂತಲೂ ಇತ್ತು. ವಕೀಲರು, ಗುಮಾಸ್ತರು, ನನ್ನ ಕಕ್ಷಿದಾರರು ಎಲ್ಲ ಕಿವಿ ನಿಮಿರಿಸಿ ಕೂತಿದ್ದರು. ಮೂವತ್ತೆಂಟು ವರ್ಷ ಊರವರ ಸಂಸಾರದ ಗುಟ್ಟನ್ನೆಲ್ಲ ಟೈಪ್ ಮಾಡಿದವನು ನಾನು. ಅವರೆಲ್ಲ ಹೇಗೆ ತಲೆ ತಗ್ಗಿಸಿ ಕೂತಿರುತ್ತಿದ್ದರು ಅಂತ ಆವತ್ತು ಗೊತ್ತಾಯಿತು. ಅರ್ಧಕ್ಕೇ ಎದ್ದು ಮನೆಗೆ ಬಂದೆ. ಕೆಳಗೆ ನೀನು ಏನು ಬರೆದಿದ್ದೀಯ ಎಂದು ನೋಡಲೂ ಇಲ್ಲ.

ಆ ಪುಟ ನಡೆಸುವ ಕಂಪನಿಯ ದೂರಿನ ಫಾರಂ ಸುಲಭವಿತ್ತು, ದಿನಾ ಹತ್ತು ಜನರಿಗೆ ತುಂಬುವವನಿಗೆ ಅದೇನು ಮಹಾ! ಬರಹ ಯಾರದು? ನನ್ನದು. ಪ್ರಕಟಿಸಲು ಒಪ್ಪಿಗೆ ಕೊಟ್ಟಿದ್ದೀರಾ? ಇಲ್ಲ. ಎರಡೂ ಸತ್ಯ. ಕೊನೆಗೆ, ಏನು ಮಾಡಬೇಕೆಂದು ಬಯಸುತ್ತೀರಿ ಅಂತ ಒಂದು ಖಾಲಿ ಚೌಕ. ಅಲ್ಲಿ ಕೈ ತಾನಾಗಿಯೇ ಓಡಿಬಿಟ್ಟಿತು: "ಸದರಿ ಕಾಗದವನ್ನೂ, ಸದರಿಯವರು ಪ್ರಕಟಿಸಿರುವ ಚಿತ್ರ, ಧ್ವನಿ ಹಾಗೂ ಇತರ ಸಮಸ್ತವನ್ನೂ ತೆಗೆದುಹಾಕಿ ನ್ಯಾಯ ದೊರಕಿಸಬೇಕಾಗಿ ವಿನಂತಿ." ಎಲ್ಲಾ ಅರ್ಜಿಯ ಕೊನೆಗೂ ನಾನು ಬರೆಯುವ ಸಾಲೇ ಅದು. ಸಮಸ್ತವನ್ನೂ ಕೇಳುವುದು ನಮ್ಮ ರೂಢಿ. ಜಡ್ಜು ಕತ್ತರಿಸಿ, ಕೊಡಬೇಕಾದಷ್ಟನ್ನು ಕೊಡುತ್ತಾರೆ. ಮೂವತ್ತೆಂಟು ವರ್ಷದಲ್ಲಿ ಒಬ್ಬ ಜಡ್ಜೂ ಸಮಸ್ತವನ್ನೂ ಕೊಟ್ಟವರಲ್ಲ. ಇದೆಲ್ಲಕ್ಕೂ ನೀವೇ ಹಕ್ಕುದಾರರೇ ಅಂತ ಕೆಳಗೆ ಇನ್ನೊಂದು ಪ್ರಶ್ನೆ. ಗಿರಾಕಿಗಳ ಫಾರಂನಲ್ಲಿ ಒತ್ತುವ ಹಾಗೆ ಓದದೆ ಹೌದು ಅಂತ ಒತ್ತಿದೆ.

ನಾಲ್ಕು ಗಂಟೆಯೊಳಗೆ ತೀರ್ಪು ಬಂತು! ನನ್ನ ಯಾವ ಅರ್ಜಿಗೂ ಇಷ್ಟು ಬೇಗ ಬಂದಿರಲಿಲ್ಲ. ನಾಚಿಕೆಯಾಗುತ್ತದೆ ಹೇಳಲು, ಸ್ಟಾಂಪ್ ಮಾಮನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಮಾರನೇ ಬೆಳಿಗ್ಗೆ ಚಹಾ ಹಿಡಿದುಕೊಂಡು ಅಮ್ಮನ ದನಿ ಕೇಳೋಣ ಅಂತ ಪುಟ ತೆರೆದರೆ, ಬಿಳಿ. ನಡುವೆ ಒಂದೇ ಸಾಲು, ಹಕ್ಕುದಾರರ ದೂರಿನ ಮೇರೆಗೆ ತೆಗೆಯಲಾಗಿದೆ ಅಂತ. ಹಕ್ಕುದಾರರು ಯಾರಪ್ಪಾ ಅಂತ ಒಂದು ಗಳಿಗೆ ನಿಜವಾಗಿಯೂ ಯೋಚಿಸಿದೆ ಕಣೇ.

ಆಮೇಲೆ ಹಜಾರದ ವಕೀಲಮ್ಮನನ್ನು ಕೇಳಿದೆ, ಚಿಕ್ಕ ವಯಸ್ಸಿನವಳು, ಇಂಥ ಕೇಸು ನೋಡುತ್ತಾಳೆ. "ಅಂಕಲ್, ಆ ಒಂದು ಕಾಗದದ ಮಟ್ಟಿಗೆ ಕಾನೂನು ನಿಮ್ಮ ಕಡೆ. ಮಿಕ್ಕಿದ್ದಕ್ಕೆಲ್ಲ ನೀವು ಸುಳ್ಳು ಹೇಳಿದೀರಿ. ಅದು ನಿಮ್ಮ ಮಗಳ ಮಾತು, ಆಡೋ ಹಕ್ಕು ಅವಳದು" ಅಂದಳು. ಕಾಗದ ಯಾರ ಕೈ ಸೇರುತ್ತದೋ ಹಾಳೆ ಅವರದಂತೆ, ಅದರಲ್ಲಿರುವ ಮಾತು ಮಾತ್ರ ಬರೆದವನದೇ ಅಂತೆ. ಎಷ್ಟು ವರ್ಷವಾದರೂ ಅಷ್ಟೇ. ಕಾನೂನು ನನ್ನ ಕಡೆ ಇದೆ ಪುಟ್ಟೀ. ಮನೆಯಲ್ಲಿ ಮಾತ್ರ ಯಾರೂ ಇಲ್ಲ.

ಅಂದಿನಿಂದ ಆ ಕಂಪನಿಗೆ ಹನ್ನೊಂದು ಮೇಲ್ ಬರೆದಿದ್ದೇನೆ, ದೂರು ವಾಪಸು, ತಪ್ಪಾಯಿತು ಅಂತ. ಉತ್ತರ ಬರುತ್ತದೆ, ಆದರೆ ಬರೆಯುವವರು ಮನುಷ್ಯರಲ್ಲ. ಆದರೂ ಪ್ರತಿ ಸಲ ನನ್ನ ಹೆಸರು ಹಿಡಿದು, ಆತ್ಮೀಯರೇ ಅಂತ ಶುರು ಮಾಡುತ್ತದೆ. ಈ ನಲವತ್ತಾರು ದಿನದಲ್ಲಿ ನನ್ನನ್ನು ಆತ್ಮೀಯ ಅಂದದ್ದು ಅದೊಂದೇ. ಒಂದು ಸಲ, ನಿಮಗೆ ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿತು. ನಾನು ಪೆದ್ದನ ಹಾಗೆ ಮಂಡಿ ನೋವು, ಎರಡು ಲೋಟ ಚಹಾ, ನೀನು ಮಾತು ಬಿಟ್ಟದ್ದು, ಎಲ್ಲವನ್ನೂ ಬರೆದೆ. ನಿಮ್ಮ ಸಂದೇಶ ಅರ್ಥವಾಗಲಿಲ್ಲ ಅಂತ ಉತ್ತರ ಬಂತು.

ಮೊನ್ನೆ ಶುಕ್ರವಾರ ಸ್ಟಾಂಪ್ ಮಾಮ ಒಂದು ಹಾಳೆ ತಂದು ಮೇಜಿನ ಮೇಲಿಟ್ಟ. ಆವತ್ತೇ ಪ್ರಿಂಟು ತೆಗೆದಿಟ್ಟಿದ್ದನಂತೆ, ಕೊಡಲು ಧೈರ್ಯ ಬಂದಿರಲಿಲ್ಲವಂತೆ. ನನ್ನ ಕಾಗದದ ಚಿತ್ರ, ಅದರ ಕೆಳಗೆ ನಿನ್ನ ನಾಲ್ಕು ಸಾಲು. "ನಮ್ಮಪ್ಪ ಜೀವನವಿಡೀ ಬೇರೆಯವರ ಮಾತನ್ನೇ ಬರೆದ. ತನ್ನದೇ ಮಾತನ್ನು ಬರೆದದ್ದು ಇದೊಂದೇ ಸಲ. ಅಮ್ಮ ಇದನ್ನು ಇಪ್ಪತ್ತಾರು ವರ್ಷ ತನ್ನ ಹೆಡ್‌ಫೋನಿನ ಡಬ್ಬಿಯಲ್ಲಿಟ್ಟುಕೊಂಡಿದ್ದಳು. ನನಗೆ ಅಪ್ಪ ತುಂಬ ಇಷ್ಟವಾದದ್ದು ಇದನ್ನು ಓದಿದ ದಿನ." ಹಜಾರದಲ್ಲಿ ಅಷ್ಟು ಜನರ ಮುಂದೆ ಅತ್ತುಬಿಟ್ಟೆ. ಸ್ಟಾಂಪ್ ಮಾಮ ಮುದ್ರೆ ಗುದ್ದುವುದನ್ನು ನಿಲ್ಲಿಸಿದ. ಇನ್ನೂ ಹತ್ತು ಸಾಲು ಕೇಳಿಸಿಕೊಂಡು ಎದ್ದಿದ್ದರೆ ಆಗುತ್ತಿತ್ತು ನೋಡು.

ನೀನು ಅಂದದ್ದು ನಿಜ. ನಿಮ್ಮಮ್ಮ ತಿರುಗಿ ಬಂದಳು, ನಗುನಗುತ್ತಾ ಸಂಸಾರ ಮಾಡಿದಳು, ಆದರೆ ಮತ್ತೆ ಒಂದು ಸಾಲೂ ಬರೆಯಲಿಲ್ಲ. ಟೈಪ್ ಮಾಡಿಕೊಡುತ್ತೇನೆ ಅಂದಿದ್ದ ನಾನೂ, ಯಾಕೆ ಬರೆಯುವುದಿಲ್ಲ ಅಂತ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ. ಕೇಳದೇ ಇದ್ದದ್ದೇ ನನಗೆ ಅನುಕೂಲವಾಗಿತ್ತು. ನಿನಗೂ ಅದನ್ನೇ ಮಾಡಿದೆ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಕಿವಿಗೆ ಹನಿ ಹಾಕಿಕೋ. ಚೆನ್ನಾಗಿ ನಿದ್ದೆ ಮಾಡು. ನೀನು ಹೋದಲ್ಲೆಲ್ಲ ನಿನ್ನ ಮಾತಿಗೆ ಕಿವಿಗೊಡುವವರು ಸಿಗಲಿ. ಸ್ಟಾಂಪ್ ಮಾಮನ ಆಶೀರ್ವಾದವನ್ನೂ ಇದರಲ್ಲೇ ಸೇರಿಸಿದ್ದೇನೆ.

ನಿನ್ನ
ಅಪ್ಪ

ಮರೆತೇಬಿಟ್ಟಿದ್ದೆ: ತೆಗೆದದ್ದನ್ನು ಕಂಪನಿಯವರು ಅರವತ್ತು ದಿನ ಎತ್ತಿಟ್ಟಿರುತ್ತಾರಂತೆ, ಈ ಮೂವತ್ತನೇ ತಾರೀಖಿಗೆ ಅಳಿಸಿಬಿಡುತ್ತಾರಂತೆ. ನಾನು ದೂರು ವಾಪಸು ತೆಗೆದುಕೊಂಡರೆ ಸಾಲದು, ಪುಟದ ಒಡತಿಯೇ ಕೇಳಬೇಕಂತೆ. ಅವರ ಮೇಲ್ ನಿನಗೂ ಬಂದಿದೆ, ನನ್ನ ಹೆಸರು ಕಂಡು ನೀನು ತೆರೆದಿರುವುದಿಲ್ಲ. ತೆರೆದು, ಮರಳಿ ತರಿಸಿ ಅನ್ನುವುದನ್ನು ಒತ್ತು. ನನ್ನ ಹಳೇ ಕಾಗದಕ್ಕೆ ಬರೆದವನ ಒಪ್ಪಿಗೆ ಲಿಖಿತದಲ್ಲಿ ಬೇಕಂತೆ, ಇಲ್ಲಿದೆ: ನಿಮ್ಮಮ್ಮನಿಗೆ ನಾನು ಬರೆದ ಕಾಗದವನ್ನೂ, ಇಂದು ನಿನಗೆ ಬರೆದ ಈ ಕಾಗದವನ್ನೂ, ನನ್ನ ಬಗ್ಗೆ ನೀನು ಹೇಳಬೇಕೆಂದಿರುವ ಇತರ ಸಮಸ್ತವನ್ನೂ ಪ್ರಕಟಿಸಲು ನನ್ನ ಪೂರ್ಣ ಒಪ್ಪಿಗೆಯಿದೆ. ಓದಿ ನೋಡಿಯೇ ಸಹಿ ಮಾಡಿದ್ದೇನೆ. ಮೂವತ್ತರೊಳಗೆ ಒತ್ತಮ್ಮಾ. ನನ್ನ ಜೊತೆ ಮಾತಾಡಬೇಕಾಗಿಲ್ಲ, ಅಮ್ಮನ ದನಿ ಬಂದರೆ ನೀನು ಒತ್ತಿದೆ ಅಂತ ತಿಳಿದುಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಪುಟ ತೆರೆದು ನೋಡುತ್ತಿದ್ದೇನೆ.