ಬೆಳ್ಳಕ್ಕಿಗಳ ವೈದ್ಯಮಂಡಳಿ

ಪ್ರೀತಿಯ ಭಾವ,

ಎರಡು ಬೀದಿ ಆಚೆ ಇರುವವನು ಪತ್ರ ಯಾಕೆ ಬರೆದ ಎಂದು ನಿಮಗೆ ಅನುಮಾನ ಬಂದಿರಬೇಕು. ಬರಲಿ. ನಿಮ್ಮ ಮೇಲೆ ನನಗೆ ಅನುಮಾನ ಹುಟ್ಟಿ, ಅದಕ್ಕೆ ಆಗಲೇ ಹಲ್ಲು ಬಂದಿವೆ.

ನಮ್ಮ ಬೆಳಗಿನ ಹಕ್ಕಿ ಬಳಗಕ್ಕೆ ಕಾನೂನು ಮಾಡಿದವರು ನೀವೇ: ಹಕ್ಕಿಗಳ ಗುಂಪನ್ನು ಮೊದಲು ಕಂಡವರು ಅದಕ್ಕೊಂದು ಹೆಸರಿಡಬೇಕು. "ಆನೆಗೂ ಹಿಂಡು, ಹಕ್ಕಿಗೂ ಹಿಂಡು, ಒದ್ದೆ ಬಟ್ಟೆಗೂ ಹಿಂಡು! ನಿಘಂಟಿನವ್ರು ಸೋಮಾರಿಗಳು ಕಣೋ" ಎಂದು ಗಿಳಿಗಳಿಗೆ ವದಂತಿ, ಕಾಗೆಗಳಿಗೆ ಸಿಬ್ಬಂದಿ ಸಭೆ, ಪಾರಿವಾಳಗಳಿಗೆ ನಿವೃತ್ತರ ಸಂಘ ಎಂದು ಹಂಚಿದಿರಿ. ನಾವು ದುರ್ಬೀನು ಎತ್ತುವ ಮೊದಲೇ ಹೆಸರು ನಿಮ್ಮ ಬಾಯಲ್ಲಿರುತ್ತಿತ್ತು.

ಅಂಥವರು ಈಚೆಗೆ "ಹೊಸಬರು ಹೇಳ್ಲಿ, ಹೊಸಬರು ಹೇಳ್ಲಿ" ಎಂದು ಉದಾರಿಗಳಾದಿರಿ. ಬಳಗಕ್ಕೆ ಹೊಸದಾಗಿ ಸೇರಿದ ದಂತವೈದ್ಯೆಯನ್ನೇ ಪ್ರತಿದಿನ ಈ ಆಟದಲ್ಲಿ ಗೆಲ್ಲಿಸುವುದು ಕಂಡು, ಈ ವಯಸ್ಸಿನಲ್ಲಿ ಭಾವನಿಗೆ ಭಾವೋದ್ರೇಕವೇ ಎಂದು ನಾನು ಗುಮಾನಿಪಟ್ಟೆ. ಅಕ್ಕನನ್ನು ಕೆದಕಿದರೆ, "ಹೋಗೋ! ಪೇಪರ್ ಕೂಡ ಈಗ ನನ್ ಕೈಲೇ ಓದಿಸ್ಕೊಳ್ತಾರೆ. ಮದ್ವೆ ಆದಾಗ್ಲೂ ಇಷ್ಟು ಪ್ರೀತಿ ಇರ್ಲಿಲ್ಲ" ಎಂದು ನಾಚಿಕೊಂಡಳು. ನನ್ನ ಅನುಮಾನ ಇನ್ನೂ ಬಲವಾಯಿತು.

ಕಳೆದ ಭಾನುವಾರ ಕೆರೆ ಏರಿಯ ಮೇಲೆ ನೀವು ಕೈ ಚಾಚಿ, "ನೋಡ್ರೋ, ಬೆಳ್ಳಕ್ಕಿಗಳ ವೈದ್ಯಮಂಡಳಿ!" ಎಂದಿರಿ. ಎದುರು ತಾರಸಿಯ ಹಗ್ಗದಲ್ಲಿ ಬಿಳಿ ಟವೆಲುಗಳು ಒಣಗುತ್ತಿದ್ದವು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀವೂ ನಕ್ಕಿರಿ, ಆದರೆ ಒಂದು ಗಳಿಗೆ ತಡವಾಗಿ. ಹಾಸ್ಯ ಮಾಡಿದವನು ಎಲ್ಲರಿಗಿಂತ ಕೊನೆಗೆ ನಗುವುದನ್ನು ನಾನು ಎಲ್ಲೂ ಕಂಡಿಲ್ಲ, ಭಾವ.

ವಾಪಸ್ಸು ಬರುವಾಗ ನೀವು ಓಡಿಸುತ್ತಿದ್ದ ಕಾರಿನಲ್ಲಿ ನಿಮ್ಮ ಪಕ್ಕವೇ ಕೂತಿದ್ದೆ. ಸಿಗ್ನಲ್ಲಿನಲ್ಲಿ, "ಹಸಿರು ಬಂತೇನೋ?" ಎಂದು ನನ್ನನ್ನು ಕೇಳಿದಿರಿ. ದೀಪ ನಿಮ್ಮ ಮೂಗಿನ ನೇರಕ್ಕೇ ಇತ್ತು.

ಬರುವ ಸೋಮವಾರದಿಂದ ಮೊಮ್ಮಗಳನ್ನು ಕಾರಿನಲ್ಲಿ ಶಾಲೆಗೆ ಬಿಡುವವರು ನೀವಂತೆ. ಮುಖಕ್ಕೆ ಮುಖ ಕೊಟ್ಟು ಕೇಳಿದರೆ ನೀವು ನಗಿಸಿ ಜಾರಿಕೊಳ್ಳುತ್ತೀರಿ. ನಿಮ್ಮ ಮುಂದೆ ನನ್ನ ಬಾಯಿ ಯಾವತ್ತು ಗೆದ್ದಿದೆ? ಅದಕ್ಕೇ ಈ ಪತ್ರ. ಬೇಕೆಂದೇ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ.

ಇದನ್ನು ನೀವೇ ಓದಿದ್ದರೆ ನಾನು ಶುದ್ಧ ಪೆದ್ದ. ನಾಳೆ ಬಳಗದವರೆಲ್ಲರ ಮುಂದೆ ಉಗಿಯಿರಿ, ಖುಷಿಯಿಂದ ಒರೆಸಿಕೊಳ್ಳುತ್ತೇನೆ. ಹಾಗಲ್ಲದೆ ಇದು ನಿಮಗೆ ಅಕ್ಕನ ದನಿಯಲ್ಲಿ ಕೇಳಿಸುತ್ತಿದ್ದರೆ... ಅಕ್ಕಾ, ಗಟ್ಟಿಯಾಗಿ ಓದುವುದನ್ನು ಇಲ್ಲಿಗೇ ನಿಲ್ಲಿಸು. ಕಾರಿನ ಕೀಲಿ ತೆಗೆದು ನಿನ್ನ ಹತ್ತಿರ ಇಟ್ಟುಕೋ. ಬೈಯಬೇಡ, ಅವರ ಕೈ ಹಿಡಿದುಕೋ. ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಲು ಬೆಳಿಗ್ಗೆಯೇ ಬರುತ್ತೇನೆ.

ನಿಮ್ಮ ಕಣ್ಣಿಗೆ ನನ್ನ ಆಯಸ್ಸೂ ಸೇರಲಿ.

ಇಂತಿ,
ನಿಮ್ಮ ಮೇಲೆ ಕಣ್ಣಿಟ್ಟಿರುವ
ಬಾಮೈದ